ಹಳೆಯ ಸಿವಿಲ್ ದಾವೆಯ ಡಿಕ್ರಿ ನಕಲು ಬೇಕು, ದಾವೆ ನಂಬರೇ ಗೊತ್ತಿಲ್ಲ: ಎಲ್ಲಿಂದ ಶುರು ಮಾಡುವುದು?

ಹೊಲದಬದು

ಪಾಲು ವಿಭಾಗದ ಹಳೆಯ ದಾವೆಯೊಂದರ ಡಿಕ್ರಿ (ತೀರ್ಪಿನ ಪ್ರಕಾರ ಯಾರಿಗೆ ಏನು ಎಂದು ಕೋರ್ಟು ಬರೆದ ಪತ್ರ) ಬೇಕಾಗಿದೆ. ತುಮಕೂರು ಜಿಲ್ಲೆಯ ಒಂದು ತಾಲ್ಲೂಕಿನ ಮುನ್ಸಿಫ್ ಕೋರ್ಟಿನಲ್ಲಿ 1983ರಿಂದ 86ರ ನಡುವೆ ತೀರ್ಮಾನವಾಗಿದೆ ಅನ್ನುವುದಷ್ಟೇ ಮಾಹಿತಿ. ವಾದಿಯ ಹೆಸರು, ಸರ್ವೆ ನಂಬರ್ ಇವೆ. ದಾವೆ ನಂಬರ್ ಇಲ್ಲ, ವಕೀಲರೂ ಈಗಿಲ್ಲ. ಇ-ಕೋರ್ಟ್ಸ್‌ನಲ್ಲಿ ಹೆಸರು, ವರ್ಷ ಹಾಕಿದರೆ ಏನೂ ಬರುತ್ತಿಲ್ಲ. ಬ್ಯಾಂಕಿಗೆ ಸರ್ಟಿಫೈಡ್ ಕಾಪಿಯೇ ಆಗಬೇಕಂತೆ. ಆರ್‌ಟಿಐ ಹಾಕಿದರೆ ಸಿಗುತ್ತದೆಯೇ?

ಷರಾಕಾಲಂ

ಕೋರ್ಟಿಗೆ ಆಮೇಲೆ ಹೋಗಿ. ಮೊದಲು ತಾಲ್ಲೂಕು ಕಚೇರಿಗೆ ಹೋಗಿ. ದಾವೆ ನಂಬರ್ ಇಲ್ಲದವರಿಗೆ ಕೋರ್ಟಿಗಿಂತ ಕಂದಾಯ ದಾಖಲೆಯಲ್ಲೇ ಅದು ಬೇಗ ಸಿಗುತ್ತದೆ.

ಡಿಕ್ರಿಯ ಮೇಲೆ ಖಾತೆ ಬದಲಾಗಿದ್ದರೆ ಮ್ಯುಟೇಷನ್ ವಹಿಯಲ್ಲಿ, ಅಂದರೆ ಎಂ.ಆರ್.ನಲ್ಲಿ, "ಓ.ಎಸ್. ಇಷ್ಟರ ಡಿಕ್ರಿ ಮೇರೆಗೆ" ಎಂದು ಷರಾ ಇರಲೇಬೇಕು (ಓ.ಎಸ್. ಅಂದರೆ ಒರಿಜಿನಲ್ ಸೂಟ್, ಮೂಲ ದಾವೆ). ಆ ಎಂ.ಆರ್. ನಂಬರ್ ಪಹಣಿಯ 10ನೇ ಕಾಲಂನಲ್ಲಿ ಇರುತ್ತದೆ. ದಾವೆ ನಡೆಯುತ್ತಿದ್ದಾಗಿನ ತಡೆಯಾಜ್ಞೆ, ಜಪ್ತಿ ಏನಾದರೂ ನಮೂದಾಗಿದ್ದರೆ 11ನೇ ಕಾಲಂ ನೋಡಿ. ನಿಮ್ಮದು ಎಂಬತ್ತರ ದಶಕದ್ದು, ಆದ್ದರಿಂದ ಭೂಮಿ ತಂತ್ರಾಂಶದ ಪಹಣಿ ನೋಡಿ ಪ್ರಯೋಜನವಿಲ್ಲ. 1980ರಿಂದ 1995ರವರೆಗಿನ ಕೈಬರಹದ ಪಹಣಿಗೆ ಮತ್ತು ಆ ಸರ್ವೆ ನಂಬರಿನ ಎಲ್ಲ ಎಂ.ಆರ್. ನಕಲುಗಳಿಗೆ ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ ಅರ್ಜಿ ಕೊಡಿ. ಅವಧಿ ಧಾರಾಳವಾಗಿ ಕೇಳಿ. ತೀರ್ಪು ಬಂದು ಎಷ್ಟೋ ವರ್ಷದ ಮೇಲೆ ಖಾತೆ ಮಾಡಿಸಿಕೊಂಡವರೇ ಹೆಚ್ಚು.

ಪೋಡಿ (ಸರ್ವೆ ನಂಬರನ್ನು ತುಂಡು ಮಾಡಿ ಹೊಸ ನಂಬರ್ ಕೊಡುವುದು) ಆಗಿದ್ದರೆ ಹಳೆಯ ನಂಬರ್ ಯಾವುದು ಎಂದು ಮೊದಲೇ ತಿಳಿದುಕೊಂಡಿರಿ. ಇವತ್ತಿನ 45/3 ಅಂದು ಬರೀ 45 ಆಗಿರಬಹುದು, 45/1ರೊಳಗೂ ಇದ್ದಿರಬಹುದು. ಹೊಸ ನಂಬರ್ ಬರೆದುಕೊಟ್ಟರೆ "ದಾಖಲೆ ಲಭ್ಯವಿಲ್ಲ" ಎಂದು ಅರ್ಜಿ ವಾಪಸ್ ಬರುತ್ತದೆ. ಆ ಮಾತಿನಲ್ಲಿ ಸುಳ್ಳೂ ಇರುವುದಿಲ್ಲ.

ಕರಡುಪ್ರತಿ

ಮೇಲಿನದಕ್ಕೆ ಒಂದು ಸೇರಿಸುತ್ತೇನೆ. ಪಾಲಾದ ಅಣ್ಣತಮ್ಮಂದಿರಲ್ಲಿ ಯಾರಾದರೂ ತಮ್ಮ ಪಾಲನ್ನು ಮಾರಿದ್ದಾರೆಯೇ ನೋಡಿ. ಆ ಕ್ರಯಪತ್ರದ ಮೊದಲ ಪುಟದಲ್ಲೇ, ಸ್ವತ್ತು ಹೇಗೆ ಬಂತು ಎಂದು ಹೇಳುವ ಕಡೆ, ಕೋರ್ಟಿನ ಹೆಸರು, ದಾವೆ ನಂಬರ್, ಡಿಕ್ರಿ ತಾರೀಖು ಮೂರೂ ಒಟ್ಟಿಗೆ ಸಿಗುವುದುಂಟು. ಉಪ ನೋಂದಣಿ ಕಚೇರಿಯಲ್ಲಿ ಪೂರ್ತಿ ಸರ್ವೆ ನಂಬರಿಗೆ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ. ನಿಮ್ಮ ಪಾಲಿಗಷ್ಟೇ ತೆಗೆಸಿದರೆ ಈ ಕ್ರಯಗಳು ಕಾಣುವುದಿಲ್ಲ. ಕೋರ್ಟ್ ಹರಾಜಿನಲ್ಲಿ ಮಾರಾಟವಾದ ಸ್ವತ್ತಾದರೆ, ಸೇಲ್ ಸರ್ಟಿಫಿಕೇಟಿನ ಪ್ರತಿಯನ್ನು ಕೋರ್ಟೇ ಉಪ ನೋಂದಣಿ ಕಚೇರಿಗೆ ಕಳಿಸಬೇಕೆಂದು ನೋಂದಣಿ ಕಾಯ್ದೆಯ 89ನೇ ಕಲಂ ಹೇಳುತ್ತದೆ. ಹಾಗಾಗಿ ಅದೂ ಇ.ಸಿ.ಯಲ್ಲಿ ಬರುತ್ತದೆ.

ಕಟ್ಟೆಕಡತ

ಇ-ಕೋರ್ಟ್ಸ್‌ನಲ್ಲಿ ಸಿಗದಿರುವುದು ಸಹಜ, ಗಾಬರಿ ಬೇಡ. ತಾಲ್ಲೂಕು ಕೋರ್ಟುಗಳು ಗಣಕೀಕರಣವಾದಾಗ ಬಾಕಿ ಇದ್ದ ದಾವೆಗಳನ್ನೂ ಆಮೇಲೆ ದಾಖಲಾದವನ್ನೂ ನಮೂದಿಸಿದರು. 1986ರಲ್ಲೇ ಮುಗಿದು ರೆಕಾರ್ಡ್ ರೂಮಿಗೆ ಹೋದ ಕಡತ ಅಲ್ಲಿ ಇರುವ ಸಂಭವ ಕಡಿಮೆ.

2005ರ ಈಚಿನ ದಾವೆ ಹುಡುಕುವವರಿಗಾಗಿ ಇದನ್ನೂ ಬರೆದಿಡುತ್ತೇನೆ, ಪ್ರತಿ ಸಲ ಬೇರೆ ಎಳೆ ಶುರುವಾಗುವುದು ತಪ್ಪಲಿ:

ಹೆಸರಿನ ಹುಡುಕಾಟದಲ್ಲಿ ಕನಿಷ್ಠ 3 ಅಕ್ಷರ, ಜೊತೆಗೆ ವರ್ಷ ಬೇಕು. ವರ್ಷ ಅಂದರೆ ದಾವೆ ದಾಖಲಾದ ವರ್ಷ, ತೀರ್ಪಿನ ವರ್ಷ ಅಲ್ಲ. ಎಡವುವುದು ಹೆಚ್ಚಾಗಿ ಇಲ್ಲೇ. ಬಾಕಿ, ವಿಲೇವಾರಿ, ಎರಡೂ ಎಂಬ ಆಯ್ಕೆಗಳಲ್ಲಿ "ಎರಡೂ" ಒತ್ತಿ. ಹೆಸರುಗಳನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದವರು ತಮಗೆ ಕೇಳಿಸಿದ ಹಾಗೆ ಟೈಪ್ ಮಾಡಿದ್ದಾರೆ. ಲಕ್ಷ್ಮಮ್ಮನಿಗೆ ನಾಲ್ಕು ಕಾಗುಣಿತ, ಗೌಡರಿಗೆ ಮೂರು, ಶೇಖ್‌ಗೆ ಐದು. ಪೂರ್ತಿ ಹೆಸರು ಹಾಕಬೇಡಿ. ಎಲ್ಲರೂ ಒಂದೇ ರೀತಿ ಬರೆಯುವ ತುಣುಕನ್ನಷ್ಟೇ ಹಾಕಿ. ಬಸವರಾಜನಿಗೆ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ ಸಾಕು, ಐದನೆಯದರಲ್ಲಿ ಜಗಳ ಶುರುವಾಗುತ್ತದೆ. ವಾದಿಯ ಹೆಸರಲ್ಲಿ ಸಿಗದಿದ್ದರೆ ಅಪರೂಪದ ಹೆಸರಿರುವ ಪ್ರತಿವಾದಿಯನ್ನು ಹಿಡಿಯಿರಿ.

ಸಿಎನ್‌ಆರ್ ಸಂಖ್ಯೆ (ತಾಣದಲ್ಲಿ ಪ್ರತಿ ಪ್ರಕರಣಕ್ಕೂ ಇರುವ ಗುರುತು) ಸಿಕ್ಕರೆ ಅದನ್ನು ಬರೆದಿಟ್ಟುಕೊಳ್ಳಿ. ಅದರಲ್ಲಿ 16 ಸ್ಥಾನ: ರಾಜ್ಯಕ್ಕೆ 2, ಜಿಲ್ಲೆಗೆ 2, ನ್ಯಾಯಾಲಯಕ್ಕೆ 2, ಕ್ರಮಸಂಖ್ಯೆ 6, ವರ್ಷ 4. ನಡುವಿನ ಆ 6 ಅಂಕಿ ಓ.ಎಸ್. ನಂಬರ್ ಅಲ್ಲ. ನಕಲು ಅರ್ಜಿಯಲ್ಲಿ ಅದನ್ನೇ ದಾವೆ ನಂಬರ್ ಎಂದು ಬರೆದರೆ ಬೇರೆ ಯಾರದೋ ಕಡತ ಎದ್ದು ಬರುತ್ತದೆ. ಫೈಲಿಂಗ್ ನಂಬರೂ ಬೇರೆ, ನೋಂದಣಿ ನಂಬರೂ ಬೇರೆ. ನಕಲಿಗೆ ಬೇಕಿರುವುದು ನೋಂದಣಿ ನಂಬರ್.

ತಾಣದಿಂದ ಇಳಿಸಿಕೊಂಡ ತೀರ್ಪು ಓದಿ ತಿಳಿದುಕೊಳ್ಳಲು ಸರಿ. ಬ್ಯಾಂಕಿಗಾಗಲಿ ತಹಸೀಲ್ದಾರರಿಗಾಗಲಿ ಅದು ದೃಢೀಕೃತ ನಕಲು ಆಗುವುದಿಲ್ಲ.

ನಿಶಾನೆಪಿ1

ಆರ್‌ಟಿಐ ಬಗ್ಗೆ ಯಾರೂ ಹೇಳಲಿಲ್ಲ. ಕೋರ್ಟಿನ ಕಡತದ ನಕಲಿಗೆ ಆರ್‌ಟಿಐ ನಡೆಯುವುದಿಲ್ಲ. ಗುಜರಾತ್ ಹೈಕೋರ್ಟಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಮಾರ್ಚ್ 4ರಂದು ಇದನ್ನು ಇತ್ಯರ್ಥ ಮಾಡಿದೆ. ನಕಲು ಕೊಡಲು ನ್ಯಾಯಾಲಯದ್ದೇ ನಿಯಮಗಳಿರುವಾಗ ಆ ದಾರಿಯಲ್ಲೇ ಬರಬೇಕು. ನಮ್ಮಲ್ಲಿ ಕೆಳ ನ್ಯಾಯಾಲಯಗಳಿಗೆ ಇರುವುದು ಕರ್ನಾಟಕ ಸಿವಿಲ್ ರೂಲ್ಸ್ ಆಫ್ ಪ್ರಾಕ್ಟೀಸ್, 1967.

ಹೊಲದಬದು

ಆದರೆ ನಮ್ಮೂರಲ್ಲಿ ಒಬ್ಬರಿಗೆ ಆರ್‌ಟಿಐನಲ್ಲೇ ಆದೇಶದ ಪ್ರತಿ ಬಂದಿದೆಯಲ್ಲ ಸರ್?

ಷರಾಕಾಲಂ

ಅದು ಎ.ಸಿ., ಅಂದರೆ ಉಪವಿಭಾಗಾಧಿಕಾರಿಯ, ಕೋರ್ಟಿನದ್ದಿರಬೇಕು. ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿ, ಭೂ ನ್ಯಾಯಮಂಡಳಿ ಇವರೆಲ್ಲರ ಕಡತ ಕಂದಾಯ ಇಲಾಖೆಯದ್ದು. ಅಲ್ಲಿ ಆರ್‌ಟಿಐ ಚೆನ್ನಾಗಿ ನಡೆಯುತ್ತದೆ. ಜನ ಎರಡನ್ನೂ "ಕೋರ್ಟು" ಅನ್ನುವುದರಿಂದ ಗೊಂದಲ. ಆರ್.ಎ. ಎಂಬ ಎರಡಕ್ಷರವಂತೂ ಇನ್ನೂ ಮೋಸ. ಸಿವಿಲ್ ಕೋರ್ಟಿನಲ್ಲಿ ಅದು ರೆಗ್ಯುಲರ್ ಅಪೀಲು. ಎ.ಸಿ. ಮುಂದೆ ಭೂಕಂದಾಯ ಕಾಯ್ದೆ 136(2)ರ ಕೆಳಗೆ ಹಾಕುವ ಮೇಲ್ಮನವಿಯನ್ನೂ ಆರ್.ಎ. ಅಂತಲೇ ಬರೆಯುತ್ತಾರೆ. ಎಂ.ಆರ್. ಷರಾದಲ್ಲಿ ಬರೀ "ಆರ್.ಎ. 18/84" ಎಂದಿದ್ದರೆ ಯಾವ ಕಚೇರಿಯದ್ದು ಎಂದು ಖಚಿತಪಡಿಸಿಕೊಳ್ಳದೆ ನಕಲಿಗೆ ದುಡ್ಡು ಕಟ್ಟಬೇಡಿ. ಫಾರಂ 7ರ (ಭೂ ನ್ಯಾಯಮಂಡಳಿಗೆ ಗೇಣಿದಾರರು ಹಾಕುತ್ತಿದ್ದ ಅರ್ಜಿ) ಗೇಣಿ ಪ್ರಕರಣವಾದರೆ ಸಿವಿಲ್ ಕೋರ್ಟಿನಲ್ಲಿ ಎಷ್ಟು ಹುಡುಕಿದರೂ ಸಿಗದು.

ಮಲಪ್ರಭಾದಂಡೆ

ಕೋರ್ಟಿನ ಹೆಸರಿನ ಬಗ್ಗೆ ಎಚ್ಚರ ಇರಲಿ. ಅಂದಿನ ಮುನ್ಸಿಫ್ ಕೋರ್ಟೇ ಆಮೇಲೆ ಸಿವಿಲ್ ಜಡ್ಜ್ ಕಿರಿಯ ವಿಭಾಗವಾಗಿ, ಈಗ ಬರೀ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯ. ಹಳೇ ಮೈಸೂರು ಕಡೆಯ ಹಳೆಯ ಡಿಕ್ರಿಯಲ್ಲಿ "ಸಿವಿಲ್ ಜಡ್ಜ್" ಎಂದಿದ್ದರೆ ಅದು ಈಗಿನ ಹಿರಿಯ ಸಿವಿಲ್ ನ್ಯಾಯಾಧೀಶರದ್ದು. ಹೆಸರು ಒಂದೇ, ಕೋರ್ಟು ಬೇರೆ.

ನಮ್ಮ ಕಡೆ, ಅಂದರ ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ, 1956ರ ತನಕ ಮುಂಬಯಿ ಪ್ರಾಂತದಾಗ ಇದ್ದದ್ದರಿಂದ ಹಳೇ ದಾವೆಗೆ ಓ.ಎಸ್. ಅಂತ ಇರೂದಿಲ್ಲ. ಆರ್.ಸಿ.ಎಸ್. (ರೆಗ್ಯುಲರ್ ಸಿವಿಲ್ ಸೂಟ್) ಅಂತಾನೋ ಸ್ಪೆಷಲ್ ಸೂಟ್ ಅಂತಾನೋ ಇರ್ತದ. ಅಮಲ್ಜಾರಿ (ಡಿಕ್ರಿ ಜಾರಿ ಮಾಡಿಸೂ) ಅರ್ಜಿಗೆ ದರಖಾಸ್ತು ಅಂತಾರ, ಪಾಲಿಗೆ ವಾಟ್ನಿ. ಮರಾಠಿ, ಕೆಲವು ಕಡೆ ಮೋಡಿ ಲಿಪಿ. ನಕಲು ತಗೊಂಡ ಮ್ಯಾಲೆ ಮೋಡಿ ಓದಾವ್ರನ್ನ ಬ್ಯಾರೆ ಹುಡುಕಬೇಕು. ಕಲಬುರಗಿ, ರಾಯಚೂರು, ಬೀದರ ಕಡೆ ನಿಜಾಮರ ಕಾಲದ್ದು ಉರ್ದು, ವರ್ಷ ಫಸಲಿ. ಫಸಲಿಗೆ 590 ಕೂಡಿಸಿದರ ಇಸವಿ ಬರ್ತದ, ಫಸಲಿ 1355 ಅಂದರ 1945–46. ಇದು ಗೊತ್ತಿಲ್ಲದ ಇಸವಿ ಹಿಡಿದು ಕೇಳಿದರ ರೆಕಾರ್ಡ್ ರೂಮಿನವರು ಏನು ಮಾಡ್ಯಾರು?

ತೆಂಗಿನಗರಿ

ಕರಾವಳಿಗೂ ಇದೇ ತಕರಾರು. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿನಲ್ಲಿತ್ತು. ಓ.ಎಸ್. ಅಂತಲೇ ಇರುತ್ತದೆ, ಆದರೆ ಮೊದಲ ಮೇಲ್ಮನವಿ ಎ.ಎಸ್., ಅಂದರೆ ಅಪೀಲ್ ಸೂಟ್. ಉಡುಪಿ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೂ ಹಿಂದಿನ ಉಡುಪಿ, ಕುಂದಾಪುರ, ಕಾರ್ಕಳದ ಮೇಲ್ಮನವಿ ಕಡತಕ್ಕೆ ಮಂಗಳೂರನ್ನೂ ವಿಚಾರಿಸಿ. ಬೇರೆ ಕಡೆಯೂ ಹೀಗೆಯೇ: ದಾವಣಗೆರೆ, ಹಾವೇರಿ, ಗದಗ, ಬಾಗಲಕೋಟೆ, ಕೊಪ್ಪಳ, ಚಾಮರಾಜನಗರ 1997ರಲ್ಲಿ, ರಾಮನಗರ, ಚಿಕ್ಕಬಳ್ಳಾಪುರ 2007ರಲ್ಲಿ ಬೇರೆಯಾದವು. ತಾಲ್ಲೂಕಿಗೆ ಹೊಸ ಕೋರ್ಟು ಬಂದಾಗ ಬಾಕಿ ದಾವೆಗಳು ವರ್ಗವಾಗಿ ಹೊಸ ನಂಬರ್ ಪಡೆಯುತ್ತವೆ, ಮುಗಿದವು ಹಳೇ ಜಾಗದಲ್ಲೇ ಉಳಿಯುವುದು ಹೆಚ್ಚು. ಆದ್ದರಿಂದ ಕೇಳಬೇಕಾದ ಪ್ರಶ್ನೆ "ಈ ಊರು ಈಗ ಯಾವ ಕೋರ್ಟಿಗೆ ಸೇರಿದೆ" ಎಂದಲ್ಲ, "ತೀರ್ಪಾದ ವರ್ಷ ಯಾವ ಕೋರ್ಟಿಗೆ ಸೇರಿತ್ತು" ಎಂದು.

ಕಟ್ಟೆಕಡತ

ಎಂ.ಆರ್.ನಲ್ಲೂ ನಂಬರ್ ಸಿಗಲಿಲ್ಲ ಅಂದುಕೊಳ್ಳಿ. ಆಗ ಉಳಿಯುವುದು ಸೂಟ್ ರಿಜಿಸ್ಟರ್. ಸಿವಿಲ್ ಪ್ರಕ್ರಿಯಾ ಸಂಹಿತೆಯ 4ನೇ ಆದೇಶ, 2ನೇ ನಿಯಮದಂತೆ ಪ್ರತಿ ಕೋರ್ಟೂ ದಾವೆಗಳ ವಹಿ ಇಡಬೇಕು, ಪ್ರತಿ ವರ್ಷ 1ರಿಂದ ಶುರುಮಾಡಿ ದಾಖಲಾದ ಕ್ರಮದಲ್ಲೇ ನಂಬರ್ ಹಾಕಬೇಕು. ವಾದಿ, ಪ್ರತಿವಾದಿ, ಊರು, ಕೇಳಿದ ಪರಿಹಾರ, ತೀರ್ಪಿನ ತಾರೀಖು, ಅಪೀಲು ಆಗಿದ್ದರೆ ಅದು, ಅಮಲ್ಜಾರಿ ಆಗಿದ್ದರೆ ಅದು, ಎಲ್ಲ ಒಂದೇ ಅಡ್ಡಸಾಲಿನಲ್ಲಿ ಇರುತ್ತವೆ. ತಾಲ್ಲೂಕು ಕೋರ್ಟಿನ ಒಂದು ವರ್ಷದ ವಹಿ ತಿರುವಿಹಾಕುವುದು ದೊಡ್ಡ ಕೆಲಸವೇನಲ್ಲ. ಅನುಮತಿ ಪಡೆಯುವುದೇ ಕೆಲಸ.

ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಕೇಳಿದರೆ "ನಂಬರ್ ತನ್ನಿ" ಅನ್ನುತ್ತಾರೆ. ಅವರ ತಪ್ಪೂ ಅಲ್ಲ, ಹುಡುಕಿಕೊಡಲು ಅವರಿಗೊಂದು ಆದೇಶ ಬೇಕು. ವಕೀಲರ ಮೂಲಕ ನ್ಯಾಯಾಧೀಶರಿಗೆ, ವಹಿ ಹುಡುಕಿಸಲು ಹಾಗೂ ಕಡತ ಪರಿಶೀಲಿಸಲು ಅನುಮತಿ ಕೋರಿ ಅರ್ಜಿ ಹಾಕಿಸಿ. ಅದರಲ್ಲಿ ಕನಿಷ್ಠ ಇಷ್ಟು ಇರಲಿ: ಎರಡೂ ಕಡೆಯವರ ಹೆಸರು ತಂದೆಯ ಹೆಸರಿನೊಂದಿಗೆ, ಗ್ರಾಮ, ಹೋಬಳಿ, ಹಳೆಯ ಸರ್ವೆ ನಂಬರ್, ದಾವೆಯ ಬಗೆ, ಹುಡುಕಬೇಕಾದ ವರ್ಷಗಳ ವ್ಯಾಪ್ತಿ. ವ್ಯಾಪ್ತಿ ಐದಾರು ವರ್ಷ ಮೀರಿದರೆ ಕೆಲಸ ಕೂತುಬಿಡುತ್ತದೆ. ಹೊಲದಬದು ಅವರೇ, ನಿಮ್ಮ 1983–86 ತೀರ್ಪಿನ ಕಾಲ. ಪಾಲಿನ ದಾವೆ ಮುಗಿಯಲು ಹತ್ತು ವರ್ಷ ಹಿಡಿದಿದ್ದರೂ ಆಶ್ಚರ್ಯವಿಲ್ಲ. ಹುಡುಕಬೇಕಾದ ವಹಿ 1975–82ರದ್ದು. ಇದಕ್ಕೇ ಮೊದಲು ಎಂ.ಆರ್. ನೋಡಿ ಅಂದದ್ದು.

ಪರಿಶೀಲನೆಗೆ ಬಿಟ್ಟರೆ ಪೆನ್ಸಿಲ್ ಒಯ್ಯಿರಿ, ಹಳೇ ಕಡತದ ಪಕ್ಕ ಪೆನ್ನು ಬಿಡದ ಕಡೆ ಪೇಚಾಟ ತಪ್ಪುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆಯಲು ಹೋಗಬೇಡಿ.

ಸಾಲುಮರ

ಗುರುಗಳೇ, ನಂಬರ್ ಸಿಕ್ಕ ಮೇಲೆ ನಕಲು ಅರ್ಜಿಯಲ್ಲಿ ಏನೇನು ಬರೆಯಬೇಕು? ಸುಮ್ಮನೆ "ಡಿಕ್ರಿ" ಅಂತ ಬರೆದರೆ ಸಾಕಾ?

ನಿಶಾನೆಪಿ1

ಸಾಲದು. ಬರೀ ಡಿಕ್ರಿ ಕೇಳಿ ಮತ್ತೆ ಮತ್ತೆ ಅಲೆಯುವವರೇ ಜಾಸ್ತಿ.

ಅರ್ಜಿಯಲ್ಲಿ ಕೋರ್ಟಿನ ಹೆಸರು, ದಾವೆಯ ಬಗೆ ಮತ್ತು ನಂಬರ್, ಉಭಯ ಪಕ್ಷಕಾರರ ಹೆಸರು, ತೀರ್ಪಿನ ತಾರೀಖು (ಬಾಕಿ ಇದ್ದರೆ ಮುಂದಿನ ವಾಯಿದೆ), ಅರ್ಜಿದಾರರು ಪಕ್ಷಕಾರರೇ ಹೊರಗಿನವರೇ, ಎಷ್ಟು ಪ್ರತಿ, ಸಾಧಾರಣವೋ ತುರ್ತೋ ಇವೆಲ್ಲ ಬೇಕು. ಮೇಲೆ ಕೋರ್ಟ್ ಫೀ ಲೇಬಲ್. ಮೂಲ ಪಕ್ಷಕಾರರು ತೀರಿಕೊಂಡು ವಾರಸುದಾರರು ಕೇಳುವುದಾದರೆ ವಂಶವೃಕ್ಷ, ಮರಣ ಪ್ರಮಾಣಪತ್ರ ಲಗತ್ತಿಸಿ. ಮುಗಿದ ದಾವೆಗೆ ಹೊಸ ವಕೀಲರು ಅರ್ಜಿ ಹಾಕುವುದಾದರೆ ಹೊಸ ವಕಾಲತ್ತು ಬೇಕಾಗುತ್ತದೆ.

ಯಾವ ಕಾಗದ ಅನ್ನುವುದನ್ನು ಒಂದೊಂದಾಗಿ ಬರೆಯಿರಿ. ಪಾಲಿನ ದಾವೆಗೆ: ಷೆಡ್ಯೂಲ್ ಸಮೇತ ವಾದಪತ್ರ, ತಿದ್ದುಪಡಿ ಆಗಿದ್ದರೆ ತಿದ್ದಿದ ವಾದಪತ್ರ, ಲಿಖಿತ ಹೇಳಿಕೆ, ತೀರ್ಪು, ಪೂರ್ವಭಾವಿ ಡಿಕ್ರಿ, ಆರ್ಡರ್ ಶೀಟ್. ರಾಜಿಯಲ್ಲಿ ಮುಗಿದಿದ್ದರೆ ರಾಜಿ ಅರ್ಜಿ ಕೂಡ. ರಾಜಿ ಡಿಕ್ರಿಯ ಜೀವ ಇರುವುದು ಆ ಅರ್ಜಿಯ ಷರತ್ತುಗಳಲ್ಲಿ. ಲೋಕ ಅದಾಲತ್‌ನಲ್ಲಿ ಮುಗಿದಿದ್ದರೆ "ಅವಾರ್ಡ್" ಎಂದು ಕೇಳಿ, ಡಿಕ್ರಿ ಎಂದು ಕೇಳಿದರೆ ಇಲ್ಲ ಅನ್ನುತ್ತಾರೆ. ದಾಖಲೆ ಬೇಕಿದ್ದರೆ ನಿಶಾನೆ (ಸಾಕ್ಷ್ಯದ ದಾಖಲೆಗೆ ಕೋರ್ಟು ಹಾಕುವ ಗುರುತು) ನಂಬರ್ ಹಾಕಿ, ನಿಶಾನೆ ಪಿ-3, ಡಿ-7 ಹೀಗೆ. ನಿಶಾನೆಗಳ ಪಟ್ಟಿ ತೀರ್ಪಿನ ಕೊನೆಯಲ್ಲಿ ಇರುತ್ತದೆ. ಅದು ಗೊತ್ತಿಲ್ಲದಿದ್ದರೆ ಮೊದಲು ತೀರ್ಪನ್ನಷ್ಟೇ ತೆಗೆದುಕೊಂಡು ಉಳಿದದ್ದನ್ನು ಎರಡನೇ ಅರ್ಜಿಯಲ್ಲಿ ಕೇಳುವುದೇ ಲೇಸು.

ಒಂದು ಅಡಚಣೆ: ಅಸಲು ಪತ್ರಗಳು ಕಡತದಲ್ಲಿ ಇಲ್ಲದಿರಬಹುದು. ಅಪೀಲಿನ ಅವಧಿ ಮುಗಿದ ಮೇಲೆ ಹಾಜರುಪಡಿಸಿದವರು ಅವನ್ನು ವಾಪಸ್ ಪಡೆಯಬಹುದು, ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೇ ಆದೇಶದ 9ನೇ ನಿಯಮ. ಪಡೆದಿದ್ದರೆ ಆ ಬಗ್ಗೆ ಕಡತದಲ್ಲಿ ರಸೀತಿ ಇರುತ್ತದೆ. ಯಾರು ಪಡೆದರು ಎಂದು ಗೊತ್ತಾದರೆ ಮುಂದಿನ ಹುಡುಕಾಟ ಅವರ ಮನೆಯಲ್ಲಿ.

ಅರ್ಜಿ ಕೊಟ್ಟಾಗ ಸಿ.ಎ. (ನಕಲು ಅರ್ಜಿಯ) ನಂಬರ್ ಬರೆಸಿಕೊಳ್ಳದೆ ಬರಬೇಡಿ. ಆಮೇಲೆ ಪುಟ ಎಣಿಸಿ ಶುಲ್ಕ ಎಷ್ಟೆಂದು ನೋಟಿಸ್ ಬೋರ್ಡಿಗೆ ಹಾಕುತ್ತಾರೆ. ಅದನ್ನು ನೋಡದೆ, ಹೇಳಿದ ಅವಧಿಯಲ್ಲಿ ದುಡ್ಡು ಕಟ್ಟದೆ ಹೋದರೆ ಅರ್ಜಿ ರದ್ದಾಗುತ್ತದೆ. "ತಿಂಗಳಾಯ್ತು, ನಕಲು ಕೊಡುತ್ತಿಲ್ಲ" ಎಂಬ ದೂರುಗಳಲ್ಲಿ ಅರ್ಧದಷ್ಟು ಈ ಬಾಬತ್ತಿನವು ಎಂಬುದು ನನ್ನ ಅಂದಾಜು.

ಕರಡುಪ್ರತಿ

ನಕಲು ಕೈಗೆ ಬಂದಾಗ ಕೌಂಟರಿನಲ್ಲೇ ನಿಂತು ನೋಡಿ. ಪ್ರತಿ ಹಾಳೆಗೆ ಮೊಹರು, ಕೊನೆಯಲ್ಲಿ ನಿಜ ನಕಲು ಎಂಬ ಒಕ್ಕಣೆ, ತಾರೀಖು, ಸಹಿ ಮಾಡಿದವರ ಹೆಸರು, ಹುದ್ದೆ. ಇದು ಭಾರತೀಯ ಸಾಕ್ಷ್ಯ ಅಧಿನಿಯಮದ 75ನೇ ಕಲಂ ಕೇಳುವುದು, ಹಿಂದಿನ ಸಾಕ್ಷ್ಯ ಕಾಯ್ದೆಯ 76. ಷೆಡ್ಯೂಲಿನ ಹಾಳೆ ಬಿಟ್ಟುಹೋಗುವುದು ಮಾಮೂಲು, ಅದು ಡಿಕ್ರಿಯ ಹಿಂದೆ ಪ್ರತ್ಯೇಕವಾಗಿ ಅಂಟಿಸಿರುತ್ತದೆ. ಎಂಬತ್ತರ ದಶಕದ ತೀರ್ಪುಗಳ ಕಾರ್ಬನ್ ಪ್ರತಿ ಮಾಸಿ ತಿಳಿನೀಲಿಯಾಗಿರುತ್ತದೆ. ಜೆರಾಕ್ಸಿನಲ್ಲಿ ಅಕ್ಷರವೇ ಬರುವುದಿಲ್ಲ. ಅಂಥದ್ದಕ್ಕೆ ಬೆರಳಚ್ಚು ಮಾಡಿದ ನಕಲು ಕೇಳಿ, ತಡವಾದರೂ ಓದಲು ಬರುತ್ತದೆ.

ಕಮಿಷನರ್ (ಸ್ಥಳ ಅಳೆಯಲು ಕೋರ್ಟು ನೇಮಿಸಿದವರ) ನಕ್ಷೆ ಇದ್ದರಂತೂ ಇನ್ನಷ್ಟು ಜಾಗ್ರತೆ. ಡಿಕ್ರಿಯಲ್ಲಿ "ನಕ್ಷೆಯಲ್ಲಿ ಕೆಂಪು ಗೆರೆಯಿಂದ ತೋರಿಸಿದ ಎ, ಬಿ, ಸಿ, ಡಿ ಭಾಗ 1ನೇ ವಾದಿಗೆ" ಎಂದು ಬರೆದಿರುತ್ತಾರೆ. ಕಪ್ಪುಬಿಳುಪು ಜೆರಾಕ್ಸಿನಲ್ಲಿ ಕೆಂಪು, ನೀಲಿ, ಹಸಿರು ಮೂರೂ ಒಂದೇ ಕಪ್ಪು ಗೆರೆ. ಯಾರ ಪಾಲು ಎಲ್ಲಿ ಮುಗಿಯಿತು ಎಂದು ಸರ್ವೆಯವರಿಗೂ ತಿಳಿಯುವುದಿಲ್ಲ. ಬಣ್ಣದ ಪ್ರತಿ ಬೇಕೆಂದು ಅರ್ಜಿಯಲ್ಲೇ ಬರೆದುಬಿಡಿ.

ಬಯಲುಸೀಮೆ88

ನಾನು ಪಕ್ಷಕಾರ ಅಲ್ಲ, ಜಮೀನು ಕೊಳ್ಳುವ ಯೋಚನೆಯಲ್ಲಿದ್ದೇನೆ. ಆ ಸ್ವತ್ತಿನ ಮೇಲಿದ್ದ ದಾವೆಯ ಕಾಗದ ನನಗೆ ಕೊಡುತ್ತಾರಾ?

ನಿಶಾನೆಪಿ1

ಹೊರಗಿನವರೂ ಕೇಳಬಹುದು. ಆದರೆ ಏಕೆ ಬೇಕು ಎಂಬ ಕಾರಣವನ್ನು ಅಫಿಡವಿಟ್‌ನಲ್ಲಿ ಹೇಳಬೇಕು, ನ್ಯಾಯಾಧೀಶರ ಆದೇಶ ಆಗಬೇಕು. ಕ್ರಯದ ಕರಾರು ಇದ್ದರೆ ಅದರ ಪ್ರತಿ ಲಗತ್ತಿಸಿ, "ಮಾಹಿತಿಗಾಗಿ" ಎಂದು ಒಂದೇ ಪದ ಬರೆದ ಅರ್ಜಿ ನಿಲ್ಲುವುದಿಲ್ಲ. ತೀರ್ಪು, ಡಿಕ್ರಿ ಸಿಗುವುದು ಸುಲಭ. ಇನ್ನೊಬ್ಬರು ಹಾಜರುಪಡಿಸಿದ ಖಾಸಗಿ ಪತ್ರಗಳ ನಕಲು ಅವರ ಒಪ್ಪಿಗೆ ಇಲ್ಲದೆ ಹೊರಗಿನವರಿಗೆ ಸಿಗುವುದು ಕಷ್ಟ. ಮಾರುವವರೇ ಪಕ್ಷಕಾರರಾಗಿದ್ದರೆ ಅವರಿಂದಲೇ ಅರ್ಜಿ ಹಾಕಿಸಿ. ಕೊಡಲು ಹಿಂದೇಟು ಹಾಕಿದರೆ ಅದರಲ್ಲೇ ನಿಮಗೆ ಉತ್ತರ ಸಿಕ್ಕಂತೆ.

ವೈವಾಹಿಕ ಪ್ರಕರಣಗಳ ಕಥೆ ಬೇರೆ. ಹಿಂದೂ ವಿವಾಹ ಕಾಯ್ದೆ 22ನೇ ಕಲಂ ಪ್ರಕಾರ ಆ ವಿಚಾರಣೆಯೇ ಗೋಪ್ಯ, ಹೊರಗಿನವರು ಆಸೆ ಇಟ್ಟುಕೊಳ್ಳಬೇಡಿ.

ಬೆಂಗಳೂರಿನ ಸ್ವತ್ತಾದರೆ ಸಿಟಿ ಸಿವಿಲ್ ಕೋರ್ಟ್, ಮೇಯೋ ಹಾಲ್ ಘಟಕ, ಬೆಂಗಳೂರು ಗ್ರಾಮಾಂತರ ಮೂರನ್ನೂ ಹುಡುಕಿ. ನಗರದೊಳಗೆ ಸೇರಿದ ಹಳ್ಳಿಗಳ ದಾವೆ ಎಲ್ಲಿದೆಯೆಂದು ಊಹಿಸಲು ಹೋಗಬೇಡಿ.

ಸಾಲುಮರ

ಅಪೀಲು ಹಾಕಲು ನಕಲು ತಡವಾದರೆ ಅವಧಿ ಮೀರುತ್ತದಲ್ಲ?

ಕಟ್ಟೆಕಡತ

ಕಾಲಮಿತಿ ಕಾಯ್ದೆ, 1963ರ 12ನೇ ಕಲಂ ಇದಕ್ಕಾಗಿಯೇ ಇದೆ. ಜಿಲ್ಲಾ ಮಟ್ಟದ ಅಪೀಲಿಗೆ 30 ದಿನ, ಹೈಕೋರ್ಟಿಗೆ 90. ನಕಲು ಪಡೆಯಲು ಬೇಕಾದ ಕಾಲವನ್ನು ಇದರಲ್ಲಿ ಲೆಕ್ಕ ಹಿಡಿಯುವುದಿಲ್ಲ. ಆದರೆ ಆ ಕಲಮಿನ ವಿವರಣೆ ಓದಿ: ನಕಲು ಅರ್ಜಿ ಹಾಕುವ ಮುಂಚೆ ಡಿಕ್ರಿ ತಯಾರಿಸಲು ಕೋರ್ಟು ತೆಗೆದುಕೊಂಡ ಕಾಲ ಕಳೆಯುವುದಿಲ್ಲ. "ಡಿಕ್ರಿ ಡ್ರಾ ಆಗಲಿ, ಆಮೇಲೆ ಅರ್ಜಿ ಹಾಕೋಣ" ಎಂದು ಕೂತರೆ ಆ ದಿನಗಳು ನಿಮ್ಮ ತಲೆಗೇ. ತೀರ್ಪು ಹೇಳಿದ ದಿನವೇ ಅರ್ಜಿ ಹಾಕಿ.

ಸರ್ಟಿಫೈಡ್ ಕಾಪಿಯ ಹಿಂದೆ ಮೊಹರಿನಲ್ಲಿ ಐದು ತಾರೀಖು ಇರುತ್ತವೆ: ಅರ್ಜಿ ಸಲ್ಲಿಸಿದ್ದು, ಶುಲ್ಕ ತಿಳಿಸಿದ್ದು, ಶುಲ್ಕ ಕಟ್ಟಿದ್ದು, ನಕಲು ಸಿದ್ಧವಾದದ್ದು, ವಿತರಿಸಿದ್ದು. ಶುಲ್ಕ 10ಕ್ಕೆ ತಿಳಿಸಿ ನೀವು 18ಕ್ಕೆ ಕಟ್ಟಿದ್ದರೆ ನಡುವಿನ ದಿನ ನಿಮ್ಮ ವಿಳಂಬ. 22ಕ್ಕೆ ಸಿದ್ಧವಾದದ್ದನ್ನು ಮುಂದಿನ ತಿಂಗಳು ತೆಗೆದುಕೊಂಡರೆ ಅದೂ ಹಾಗೇ. ಎದುರು ಪಕ್ಷದ ವಕೀಲರು ಮೊದಲು ತಿರುಗಿಸಿ ನೋಡುವುದು ಆ ಮೊಹರನ್ನೇ.

ಬಯಲುಸೀಮೆ88

"ಕಡತ ಸಿಗುತ್ತಿಲ್ಲ" ಅಂದರೆ ಏನು ಮಾಡುವುದು?

ಷರಾಕಾಲಂ

ಬಾಯಿಮಾತಿಗೆ ಬೆಲೆ ಕೊಡಬೇಡಿ, ಹಿಂಬರಹ (ಲಿಖಿತ ಉತ್ತರ) ಕೇಳಿ. ಆ ಒಂದು ಸಾಲಿನ ಕಾಗದದ ಮೇಲೆ ಮುಂದಿನದೆಲ್ಲ ನಿಂತಿದೆ.

ಕಟ್ಟೆಕಡತ

ಸಿಗದಿರುವುದರಲ್ಲಿ ಮೂರು ಬಗೆ. ಒಂದು, ಅಪೀಲಿನ ಜೊತೆ ಮೇಲಿನ ಕೋರ್ಟಿಗೆ ಹೋಗಿ ವಾಪಸ್ ಬಂದಿಲ್ಲ. ಸೂಟ್ ರಿಜಿಸ್ಟರಿನಲ್ಲಿ ಅಪೀಲಿನ ನಮೂದು ನೋಡಿ. ಹೈಕೋರ್ಟಿಗೆ ಹೋಗಿದ್ದರೆ ಆರ್.ಎಫ್.ಎ. (ಮೊದಲ ಅಪೀಲು) ಅಥವಾ ಆರ್.ಎಸ್.ಎ. (ಎರಡನೇ ಅಪೀಲು) ನಂಬರ್ ಬೇಕು. ಧಾರವಾಡ, ಕಲಬುರಗಿಯಲ್ಲಿ 2008ರಲ್ಲಿ ಸಂಚಾರಿ ಪೀಠ ಬಂದು 2013ರಲ್ಲಿ ಕಾಯಂ ಆದದ್ದರಿಂದ ಆ ಭಾಗದವರು ಬೆಂಗಳೂರು ಮತ್ತು ಪೀಠ ಎರಡೂ ಕಡೆ ಕೇಳಬೇಕು. ಎರಡು, ನಿಯಮದಂತೆ ನಾಶ. ಮಧ್ಯಂತರ ಅರ್ಜಿ, ಸಮನ್ಸ್, ಪ್ರೊಸೆಸ್ ಕಾಗದಗಳು ಮೊದಲು ಹೋಗುತ್ತವೆ. ತೀರ್ಪು, ಡಿಕ್ರಿಗಳನ್ನು ಸಾಮಾನ್ಯವಾಗಿ ಉಳಿಸುತ್ತಾರೆ. ನಾಶಪಡಿಸಿದ್ದಕ್ಕೆ ವಹಿ ಇರುತ್ತದೆ, ಅದರ ಕ್ರಮಸಂಖ್ಯೆ ಹಿಂಬರಹದಲ್ಲಿ ಬರಲಿ. ಮೂರು, ನಿಜಕ್ಕೂ ಕಳೆದಿದೆ. ಆಗ ಕಡತದ ಪುನರ್‌ರಚನೆಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 151ನೇ ಕಲಮಿನಡಿ ಅರ್ಜಿ. ಪಕ್ಷಕಾರರ ಹತ್ತಿರ ಇರುವ ಹಳೆಯ ಸರ್ಟಿಫೈಡ್ ಕಾಪಿ, ವಕೀಲರ ಕಚೇರಿಯ ಪ್ರತಿ, ಅಪೀಲು ಕಡತದೊಳಗಿನ ಪ್ರತಿ ಕೂಡಿಸಿ ಕೋರ್ಟು ಮರಳಿ ಕಟ್ಟುತ್ತದೆ. ಬೇರೆ ದಾವೆಯಲ್ಲಿ ಸಾಕ್ಷ್ಯವಾಗಿ ಬೇಕಿದ್ದರೆ ಆ ಹಿಂಬರಹವೇ ದ್ವಿತೀಯಕ ಸಾಕ್ಷ್ಯಕ್ಕೆ, ಅಂದರೆ ಸಾಕ್ಷ್ಯ ಅಧಿನಿಯಮದ 60ನೇ ಕಲಮಿಗೆ, ಬುನಾದಿ.

ಎದುರು ಪಕ್ಷದವರ ಮನೆಯ ಟ್ರಂಕಿನಲ್ಲಿ ಡಿಕ್ರಿಯ ಪ್ರತಿ ಇರುವ ಸಾಧ್ಯತೆಯನ್ನು ಯಾರೂ ಯೋಚಿಸುವುದಿಲ್ಲ. ಜಗಳ ಆರಿದ್ದರೆ ಹೋಗಿ ಕೇಳಿ.

ತೆಂಗಿನಗರಿ

ವಕೀಲರ ಫೀಸಿಗೆ ತಾಪತ್ರಯ ಇರುವವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ. ಸಹಾಯವಾಣಿ 15100. ಇ-ಸೇವಾ ಕೇಂದ್ರ ಇರುವ ಕೋರ್ಟು ಆವರಣದಲ್ಲಿ ದಾವೆಯ ಸ್ಥಿತಿ ನೋಡಿಕೊಡುತ್ತಾರೆ, ನಕಲು ಅರ್ಜಿಗೂ ನೆರವಾಗುತ್ತಾರೆ.

ಹೊಲದಬದು

ಎಂ.ಆರ್. ನಕಲು ಸಿಕ್ಕಿತು, ಎಲ್ಲರಿಗೂ ಧನ್ಯವಾದ. ಷರಾದಲ್ಲಿ "ಓ.ಎಸ್. 214/77 ಹಾಗೂ ಎಫ್.ಡಿ.ಪಿ. 9/84 ರ ಮೇರೆಗೆ" ಎಂದಿದೆ. ಎರಡೂ ಒಂದೇ ಕಡತವೇ? ಬ್ಯಾಂಕಿಗೆ ಯಾವುದು ಕೊಡುವುದು?

ನಿಶಾನೆಪಿ1

ಎರಡು ಕಡತ, ಎರಡು ಅರ್ಜಿ. ಓ.ಎಸ್.ನಲ್ಲಿ ಯಾರಿಗೆ ಎಷ್ಟು ಪಾಲು ಎಂದು ಪೂರ್ವಭಾವಿ ಡಿಕ್ರಿ ಆಗಿದೆ. ಎಫ್.ಡಿ.ಪಿ.ಯಲ್ಲಿ, ಅಂದರೆ ಅಂತಿಮ ಡಿಕ್ರಿಯ ಪ್ರಕ್ರಿಯೆಯಲ್ಲಿ, ಯಾವ ತುಂಡು ಯಾರಿಗೆ ಎಂದು ಅಂತಿಮ ಡಿಕ್ರಿ ಆಗಿದೆ. ಬ್ಯಾಂಕಿಗೆ ಅಂತಿಮ ಡಿಕ್ರಿಯೇ ಮುಖ್ಯ, ಜೊತೆಗೆ ಓ.ಎಸ್. ತೀರ್ಪು. ಅಂತಿಮ ಡಿಕ್ರಿಯನ್ನು ಛಾಪಾ ಕಾಗದದ ಮೇಲೆ ಇಳಿಸಿರಬೇಕು, ಏಕೆಂದರೆ ಕರ್ನಾಟಕ ಸ್ಟ್ಯಾಂಪ್ ಕಾಯ್ದೆ ಅದನ್ನೂ ವಿಭಾಗ ಪತ್ರ ಎಂದೇ ಎಣಿಸುತ್ತದೆ. ನಕಲಿನಲ್ಲಿ ಛಾಪಾ ಕಾಗದದ ವಿವರ ಕಾಣದಿದ್ದರೆ ಆರ್ಡರ್ ಶೀಟಿನಲ್ಲಿ "ಛಾಪಾ ಕಾಗದ ಹಾಜರುಪಡಿಸಲು" ಎಂಬ ಸಾಲಿನ ಮುಂದೆ ಏನಾಗಿದೆ ನೋಡಿ. ಎಷ್ಟೋ ಪ್ರಕರಣ ಅಲ್ಲಿಗೇ ನಿಂತಿರುತ್ತವೆ. ಛಾಪಾ ಕಾಗದ ಕೊಡದೆ ಕೂತರೂ ಅಮಲ್ಜಾರಿಯ 12 ವರ್ಷ ಅಂತಿಮ ಡಿಕ್ರಿಯ ತಾರೀಖಿನಿಂದಲೇ ಓಡುತ್ತದೆ ಎಂದು ಸುಪ್ರೀಂ ಕೋರ್ಟ್ 2005ರಲ್ಲಿ ಚಿರಂಜಿಲಾಲ್ ಪ್ರಕರಣದಲ್ಲಿ ಹೇಳಿದೆ. ನಿಮ್ಮಲ್ಲಿ ಖಾತೆ ಆಗಿರುವುದರಿಂದ ಆ ಚಿಂತೆ ಅಷ್ಟಿಲ್ಲ. ಪೂರ್ವಭಾವಿ ಡಿಕ್ರಿಯಷ್ಟೇ ಆಗಿ ಎಫ್.ಡಿ.ಪಿ. ಹಾಕದೆ ಬಿಟ್ಟವರಿಗೆ ಮಾತ್ರ ಇದು ಬೇರೆ: ಅಂತಿಮ ಡಿಕ್ರಿಗೆ ಅರ್ಜಿ ಹಾಕಲು ಕಾಲಮಿತಿ ಇಲ್ಲ.

ಷರಾಕಾಲಂ

ಕೃಷಿ ಜಮೀನಲ್ಲವೇ? ಕಂದಾಯ ಕಟ್ಟುವ ಜಮೀನನ್ನು ಅಳೆದು ಹಂಚುವುದು ಆಗ ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಂ ಪ್ರಕಾರ ಜಿಲ್ಲಾಧಿಕಾರಿಯ ಕಡೆಯವರ ಕೆಲಸವಾಗಿತ್ತು. ಎಫ್.ಡಿ.ಪಿ. ಕಡತದಲ್ಲಿ ನಕ್ಷೆ ಇಲ್ಲದಿದ್ದರೆ ಕೋರ್ಟಿನವರನ್ನು ಬೈಯಬೇಡಿ, ತಹಸೀಲ್ದಾರ್ ಕಚೇರಿ ಮತ್ತು ಎ.ಡಿ.ಎಲ್.ಆರ್. (ಭೂದಾಖಲೆಗಳ ಸಹಾಯಕ ನಿರ್ದೇಶಕರ) ಕಚೇರಿಯಲ್ಲಿ ಕೇಳಿ. ಅಲ್ಲಿ ಆರ್‌ಟಿಐ ಹಾಕಬಹುದು.

ಹೊಲದಬದು

ಡಿಕ್ರಿಯಲ್ಲಿ ಸರ್ವೆ ನಂಬರ್ ತಪ್ಪಾಗಿ ಟೈಪ್ ಆಗಿದ್ದರೆ?

ಕರಡುಪ್ರತಿ

ಮೊದಲು ವಾದಪತ್ರದ ಷೆಡ್ಯೂಲಿನಲ್ಲಿ ಹೇಗಿದೆ ನೋಡಿ. ಅಲ್ಲಿ ಸರಿಯಿದ್ದು ಡಿಕ್ರಿಯಲ್ಲಷ್ಟೇ ಅಂಕಿ ಅದಲುಬದಲಾಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 152ನೇ ಕಲಮಿನಡಿ ಅದೇ ಕೋರ್ಟಿನಲ್ಲಿ ತಿದ್ದುಪಡಿಗೆ ಅರ್ಜಿ, ಯಾವಾಗ ಬೇಕಾದರೂ ಹಾಕಬಹುದು. ವಾದಪತ್ರದಲ್ಲೇ ತಪ್ಪಿದ್ದರೆ ಅಷ್ಟು ಸಲೀಸಲ್ಲ, ಎದುರು ಪಕ್ಷದ ವಾರಸುದಾರರಿಗೆಲ್ಲ ನೋಟಿಸ್ ಹೋಗಬೇಕಾಗುತ್ತದೆ. ಅದಕ್ಕೇ ವಾದಪತ್ರದ ನಕಲನ್ನೂ ಈ ಸಲವೇ ಸೇರಿಸಿ ಕೇಳಿ.